ಪಾಠದ ಯಂತ್ರಕ್ಕೆ ಕಂತು ಕಟ್ಟುವ ಮುನ್ನ

ಕಳೆದ ವಾರ ನಮ್ಮ ಕಚೇರಿಗೆ ಗುಮಾಸ್ತರೊಬ್ಬರು ಬಂದಿದ್ದರು. ಎಂಟನೆಯ ತರಗತಿಯ ಮಗನಿಗೆ ಪಾಠಗಳನ್ನು ತುಂಬಿದ ಟ್ಯಾಬ್ಲೆಟ್ ಕೊಡಿಸಬೇಕೆಂದು ಅವರ ಇಚ್ಛೆ. ಬೆಲೆಯೋ ಒಂದು ತಿಂಗಳ ಸಂಬಳಕ್ಕೂ ಮಿಗಿಲು. ಕಂತಿನ ಪತ್ರಕ್ಕೆ ರುಜು ಹಾಕುವ ಮೊದಲು ನಮ್ಮ ಅಭಿಪ್ರಾಯ ಕೇಳಿದರು. ನಾವು ವಿದ್ಯಾತಜ್ಞರಲ್ಲ. ಆದರೂ ಬಲ್ಲವರು ನಡೆಸಿರುವ ಸಂಶೋಧನೆಗಳನ್ನು ಓದಿ, ಇದೇ ಚಿಂತೆಯಲ್ಲಿರುವ ಇತರ ವಾಚಕರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇವೆ.

1983ರಲ್ಲಿ ಅಮೇರಿಕೆಯ ರಿಚರ್ಡ್ ಕ್ಲಾರ್ಕ್ ಎಂಬ ಪಂಡಿತರು ಅದುವರೆಗಿನ ಪ್ರಯೋಗಗಳನ್ನು ಪರಿಶೀಲಿಸಿ ಒಂದು ಉಪಮಾನ ಕೊಟ್ಟರು. ದಿನಸಿ ತರುವ ಲಾರಿಯಿಂದ ದೇಹಕ್ಕೆ ಪುಷ್ಟಿ ಬಾರದಂತೆ, ಪಾಠ ತರುವ ಸಾಧನದಿಂದ ಕಲಿಕೆ ಹೆಚ್ಚದೆಂದು ಅವರ ವಾದ. ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಶಿ ಮಾರ್ಕೆಟಿನ ತರಕಾರಿ ಹೊಸ ಟೆಂಪೋದಲ್ಲಿ ಬಂದರೂ ಹಳೆಯದರಲ್ಲಿ ಬಂದರೂ ಸಾಂಬಾರಿನ ರುಚಿ ಭಟ್ಟರ ಕೈಯಲ್ಲಿಯೇ ಇರುವುದು. ಟೆಂಪೋ ತಡವಾದರೆ ಸೊಪ್ಪು ಬಾಡುವುದಿಲ್ಲವೇ ಎಂದು ಭಟ್ಟರೇ ಕೇಳಿಯಾರು! 1994ರಲ್ಲಿ ರಾಬರ್ಟ್ ಕೋಜ್ಮಾ ಎಂಬವರು ಎತ್ತಿದ ಆಕ್ಷೇಪವೂ ಸುಮಾರಾಗಿ ಇಂತಹುದೇ. ಸಾಧನವನ್ನೂ ಬೋಧನೆಯ ವಿಧಾನವನ್ನೂ ಹಾಗೆ ಬೇರ್ಪಡಿಸಲಾಗದೆಂದು ಅವರು ಹೇಳಿದರು.

ವಾದ ಹಾಗಿರಲಿ, ಅನುಭವವನ್ನು ನೋಡೋಣ. ಪೆರು ದೇಶದ ಸರಕಾರವು ಹಳ್ಳಿಯ ಮಕ್ಕಳಿಗೆ ಲ್ಯಾಪ್‌ಟಾಪುಗಳನ್ನು ಹಂಚಿತು. 319 ಶಾಲೆಗಳಲ್ಲಿ ನಡೆದ ಪರಿಶೀಲನೆಯ ಫಲ 2012ರಲ್ಲಿ ಹೊರಬಂದಿತು. ಸುಮಾರು 15 ತಿಂಗಳ ಬಳಿಕವೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದೆ ಬಂದಿರಲಿಲ್ಲ.

ದಿಲ್ಲಿಯ ಕಥೆ ಬೇರೆ. ಅಲ್ಲಿ ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್ ಮತ್ತು ಅಲೆಹಾಂಡ್ರೋ ಗನಿಮಿಯನ್ ಅವರು 619 ವಿದ್ಯಾರ್ಥಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಚೀಟಿ ಎತ್ತಿ, ಶಾಲೆಯ ಹೊರಗಿನ ‘ಮೈಂಡ್‌ಸ್ಪಾರ್ಕ್’ ಕೇಂದ್ರಗಳಲ್ಲಿ ಪುಕ್ಕಟೆ ಪಾಠ ಕೊಡಿಸಿದರು. ನಾಲ್ಕೂವರೆ ತಿಂಗಳಲ್ಲಿ ಆ ಮಕ್ಕಳು ಗಣಿತ, ಹಿಂದಿ ಎರಡರಲ್ಲಿಯೂ ಉಳಿದವರಿಗಿಂತ ಗಣನೀಯವಾಗಿ ಮುಂದೆ ಹೋದರು. 2019ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ನಮ್ಮ ಮನಸ್ಸಿಗೆ ನಾಟಿದ ಅಂಶ ಒಂದುಂಟು. ಆರನೆಯ ತರಗತಿಯ ಮಕ್ಕಳೇ ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಕೇಂದ್ರದ ಯಂತ್ರವು ಮೊದಲು ಮಗುವನ್ನು ಪರೀಕ್ಷಿಸಿ, ಅದು ನಿಂತಿರುವ ಮೆಟ್ಟಿಲಿನಿಂದಲೇ ಲೆಕ್ಕ ಕೊಡುತ್ತಿತ್ತು. ತಪ್ಪಿದರೆ ಒಡನೆಯೇ ತಿಳಿಸುತ್ತಿತ್ತು. ಅಲ್ಲದೆ ತೊಂಬತ್ತು ನಿಮಿಷಗಳ ತರಗತಿಯಲ್ಲಿ ಅರ್ಧ ಭಾಗ ಮಾತ್ರ ಯಂತ್ರದ್ದು, ಉಳಿದರ್ಧ ಮನುಷ್ಯನದು.

ಈ ವಿಚಾರವು ಹೊಸದೇನೂ ಅಲ್ಲ. 1953ರಲ್ಲಿ ಮಗಳ ತರಗತಿಗೆ ಹೋದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರರು, ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕಾದುದನ್ನೂ, ಉತ್ತರ ಸರಿಯೋ ತಪ್ಪೋ ಎಂಬುದು ಅವರಿಗೆ ಕೂಡಲೇ ತಿಳಿಯದಿದ್ದುದನ್ನೂ ಕಂಡು ಬೋಧನಾ ಯಂತ್ರದ ಕೆಲಸಕ್ಕೆ ಕೈಹಾಕಿದ್ದರು.

ಗುಮಾಸ್ತರಿಗೆ ನಾವು ಹೇಳಿದುದಿಷ್ಟು: ಭಾನುವಾರ ಮಗನಿಗೆ ಐದನೆಯ ತರಗತಿಯ ಭಾಗಾಕಾರವನ್ನು ಕೊಟ್ಟು ನೋಡಿರಿ. ಅಲ್ಲಿ ತಡವರಿಸಿದರೆ, ಅಂಗಡಿಯ ಯಂತ್ರವು ಐದರಿಂದ ಆರಂಭಿಸುವುದೋ, ಎಂಟನೆಯ ಪಾಠವನ್ನೇ ಓದಿ ಒಪ್ಪಿಸುವುದೋ ಎಂದು ವಿಚಾರಿಸಿರಿ. ಅವರು ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ರುಜು ಇನ್ನೂ ಹಾಕಿರಲಿಲ್ಲ.