ಕಡಲಾಳಕ್ಕಿಳಿಯುವ ಮುನ್ನ ಜೇಬಿನ ಲೆಕ್ಕ

ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಕಲಿತು ಬಂದ ಮಕ್ಕಳು ಸಲಕರಣೆಗಾಗಿ ಹಟ ಹಿಡಿದರೆ ನಾವು ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಮೊದಲು ಕೊಳ್ಳತಕ್ಕದ್ದು ಮುಖಕ್ಕೊಪ್ಪುವ ಮಾಸ್ಕ್. ಪಟ್ಟಿ ಬಿಗಿಯದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆದಾಗ ಅದು ಕಳಚದೆ ನಿಲ್ಲಬೇಕು. ಈಜುಕೊಳದ ಕನ್ನಡಕ ಇಲ್ಲಿ ಸಲ್ಲದು. 10 ಮೀಟರ್ ಆಳದಲ್ಲಿ ಒತ್ತಡವು ನೀರಿನ ಮೇಲಿನದಕ್ಕಿಂತ ಇಮ್ಮಡಿ. ಮಾಸ್ಕಿನೊಳಕ್ಕಾದರೆ ಮೂಗಿನಿಂದ ಗಾಳಿ ಬಿಟ್ಟು ಅದನ್ನು ಸರಿದೂಗಿಸಬಹುದು, ಕನ್ನಡಕದಲ್ಲಿ ಆ ಅನುಕೂಲವಿಲ್ಲದೆ ಕಣ್ಣಿಗೆ ಪೆಟ್ಟಾದೀತು.

ವರ್ಷಕ್ಕೊಮ್ಮೆ ಇಳಿಯುವವರಿಗೆ ಸಿಲಿಂಡರ್, ತೇಲಿಸುವ ಜಾಕೆಟ್, ರೆಗ್ಯುಲೇಟರ್ ಬಾಡಿಗೆಗೇ ಲೇಸು. ಬಳಸಿದ ರೆಗ್ಯುಲೇಟರ್ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವಂತಿಲ್ಲ. ನೀರಿನಡಿಯಲ್ಲಿ ಉಸಿರು ಒದಗಿಸುವುದೇ ಅದು! ಬಲ್ಲವರಿಂದ ಬಿಚ್ಚಿಸಿ, ಸವೆದ ಬಿಡಿಭಾಗ ಬದಲಿಸುವ ವೆಚ್ಚವನ್ನೂ ಅಸಲಿಗೆ ಕೂಡಿಸಿಯೇ (ಬ್ಯಾಂಕಿನವರ ಚಾಳಿ ಬಿಡದು) ಬೆಲೆ ಮಾತನಾಡಬೇಕು.