ಜೆಟ್ ಎಂಜಿನಿನ ಚಕ್ರಗಳ ಆಯುಸ್ಸು

ರಾಮನಗರ, ಮಾಗಡಿಗಳ ಕಡೆಯ ಬಂಡೆಗಳಲ್ಲಿ ಕಲ್ಲುಕುಟಿಗನು ಸಾಲಾಗಿ ಕುಳಿಗಳನ್ನು ತೋಡಿ, ಬೆಣೆಗಳನ್ನಿಟ್ಟು, ಅವುಗಳ ಮೇಲೆ ಸರದಿಯಂತೆ ಸುತ್ತಿಗೆಯಿಂದ ಹೊಡೆಯುತ್ತ ಹೋಗುತ್ತಾನೆ. ಬಹಳ ಹೊತ್ತು ಯಾವ ಮಾರ್ಪಾಡೂ ಕಾಣದು. ಕಡೆಯ ಪೆಟ್ಟು ಹಿಂದಿನವುಗಳಿಗಿಂತ ಬಲವಾದುದಲ್ಲದಿದ್ದರೂ ಬಂಡೆ ಸೀಳುತ್ತದೆ. ಲೋಹದ ದಣಿವೂ ಹೆಚ್ಚುಕಡಮೆ ಈ ಬಗೆಯದು. ಬೆಣೆ ಬಿಗಿಯುತ್ತ ಹೋಗುತ್ತದೆ, ಲೋಹದ ಮೇಲಣ ಹೊರೆ ಹಾಗೆ ಏರುತ್ತ ಹೋಗಬೇಕಾಗಿಲ್ಲ. ಆದುದರಿಂದ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾಗದು.

ಈ ವಿಷಯ ನಮ್ಮ ನಾಡಿಗೆ ದೂರದ್ದಲ್ಲ. ವಾಯುಪಡೆಯ ತಾಂತ್ರಿಕ ಕಾಲೇಜು 1949ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾಯಿತು. ಹಿಂದುಸ್ತಾನ್ ವಿಮಾನ ಕಾರ್ಖಾನೆಯ ಎಂಜಿನ್ ವಿಭಾಗವು 1957ರಲ್ಲಿ ಆರ್ಫಿಯಸ್ ಎಂಜಿನುಗಳ ತಯಾರಿಕೆಗಾಗಿ ಆರಂಭವಾಯಿತು. ಇಂಥ ಎಂಜಿನುಗಳ ಹೊಣೆ ಹೊರುವ ಸೈನ್ಯದ ಎಂಜಿನಿಯರನು ಮೊದಲು ಕಲಿಯಬೇಕಾದುದು, ಕಣ್ಣಿಗೆ ಕಾಣದ ಸವೆತವನ್ನು ಲೆಕ್ಕಹಾಕುವ ಬಗೆಯನ್ನು.

ಅಲಗುಗಳನ್ನು ಹಿಡಿದಿರುವ ಚಕ್ರವು ನಿಮಿಷಕ್ಕೆ ಸಾವಿರಾರು ಸಲ ತಿರುಗುವಾಗ ಒಂದೊಂದು ಅಲಗೂ ಟನ್ನುಗಟ್ಟಲೆ ಬಲದಿಂದ ಅದನ್ನು ಹೊರಕ್ಕೆ ಎಳೆಯುತ್ತದೆ. ಅಲಗೊಂದು ಮುರಿದರೆ ಎಂಜಿನಿನ ಹೊರಕವಚ ಅದನ್ನು ತಡೆದೀತು. ಚಕ್ರವೇ ಒಡೆದರೆ ಅದನ್ನು ತಡೆಯಬಲ್ಲ ಕವಚವನ್ನು ಹೊತ್ತು ವಿಮಾನ ಹಾರಲಾರದು.

ಚಕ್ರದ ಆಯುಸ್ಸನ್ನು ಬರಿಯ ಗಂಟೆಗಳಲ್ಲಿ ಅಳೆದರೆ ಸಾಲದು. ವೇಗ ಕೆಳಮಟ್ಟದಿಂದ ಪೂರ್ಣಕ್ಕೇರಿ ಮತ್ತೆ ಇಳಿದರೆ ಒಂದು ಆವೃತ್ತಿ. ದಣಿವು ಕೂಡುವುದು ಈ ಏರಿಳಿತಗಳಿಂದ. ಪ್ರಯಾಣಿಕರ ವಿಮಾನದಲ್ಲಿ ಹಾರಾಟಕ್ಕೆ ಒಂದು ದೊಡ್ಡ ಆವೃತ್ತಿಯೆಂದು ಹಿಡಿಯಬಹುದು. ಯುದ್ಧವಿಮಾನದಲ್ಲಿ ಆ ಸರಳತೆಯಿಲ್ಲ. 1996ರಲ್ಲಿ ಬೀದರಿನಲ್ಲಿ ರೂಪುಗೊಂಡ ಸೂರ್ಯಕಿರಣ್ ತಂಡವನ್ನೇ ನೋಡೋಣ. ಅದು 2011ರವರೆಗೆ ಆರ್ಫಿಯಸ್ ಎಂಜಿನಿನ ಕಿರಣ್ ವಿಮಾನಗಳಲ್ಲಿ ಹಾರಿತು. 2015ರಲ್ಲಿ ಅಡೂರ್ ಎಂಜಿನಿನ ಹಾಕ್ ವಿಮಾನಗಳೊಡನೆ ಮರಳಿತು. ಇಂಥ ತಂಡದಲ್ಲಿ ನಾಯಕನು ಎಂಜಿನಿನ ವೇಗವನ್ನು ಆದಷ್ಟು ಸಮವಾಗಿ ಇರಿಸುತ್ತಾನೆ. ಅಂಚಿನವನು ಸ್ಥಾನ ಕಾಯ್ದುಕೊಳ್ಳಲು ಕ್ಷಣಕ್ಷಣಕ್ಕೂ ಏರಿಸಿ ಇಳಿಸಬೇಕು. ಇಬ್ಬರ ದಿನಚರಿಯಲ್ಲಿಯೂ ಗಂಟೆ ಒಂದೇ, ಎಂಜಿನುಗಳು ಕಳೆದುಕೊಂಡ ಆಯುಸ್ಸು ಬೇರೆ.

ಆಯುಸ್ಸಿನ ಮಿತಿಯನ್ನು ಗೊತ್ತುಮಾಡುವ ಹಳೆಯ ಕ್ರಮ ಕಠಿನವಾದುದು. ಸುಮಾರು ಸಾವಿರ ಚಕ್ರಗಳಲ್ಲಿ ಒಂದರಲ್ಲಿ ಮುಕ್ಕಾಲು ಮಿಲಿಮೀಟರಿನಷ್ಟು ಬಿರುಕು ಮೂಡಬಹುದಾದ ಹೊತ್ತಿಗೆ ಸಾವಿರವನ್ನೂ ತೆಗೆದುಹಾಕುವುದು. ಉಳಿದವು ಬಹುಪಾಲು ಗಟ್ಟಿಯಾಗಿಯೇ ಇರುತ್ತವೆ. ದುಬಾರಿ ಲೋಹವನ್ನು ಹೀಗೆ ಎಸೆಯುವುದು ವಿದ್ಯಾರ್ಥಿಗೆ ವಿಚಿತ್ರವಾಗಿ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು.

ಆದರೆ ಈ ಕ್ರಮಕ್ಕೂ ಒಂದು ಕೊರತೆಯುಂಟು: ಲೋಹ ಆರಂಭದಲ್ಲಿ ನಿರ್ದೋಷವೆಂದು ಅದು ನಂಬುತ್ತದೆ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನವೊಂದು ಅಪಘಾತಕ್ಕೀಡಾಗಿ 112 ಮಂದಿ ಸತ್ತರು. ಅದರ ಟೈಟೇನಿಯಂ ಚಕ್ರಕ್ಕೆ 18,000 ಆವೃತ್ತಿಗಳ ಮಿತಿಯಿತ್ತು; ಒಡೆದುದು 15,503ರಲ್ಲಿ. ತಯಾರಿಕೆಯಲ್ಲಿಯೇ ಲೋಹದೊಳಗೆ ಉಳಿದ ದೋಷದಿಂದ ಬಿರುಕು ಬೆಳೆದಿತ್ತು, ತಪಾಸಣೆಯಲ್ಲಿ ಅದು ಕಾಣದೆ ಹೋಗಿತ್ತು. ಅಮೆರಿಕದ ವಾಯುಪಡೆ 1984ರಲ್ಲಿ ಪ್ರಕಟಿಸಿದ ನಿಯಮಾವಳಿಯು ಇನ್ನೊಂದು ದಾರಿ ಹಿಡಿದಿತ್ತು: ತಪಾಸಣೆಯ ಕಣ್ಣು ತಪ್ಪಿಸಬಲ್ಲ ಬಿರುಕು ಮೊದಲೇ ಇದೆಯೆಂದು ಭಾವಿಸಿ, ಅದು ಅಪಾಯದ ಮಟ್ಟಕ್ಕೆ ಬೆಳೆಯುವ ಕಾಲದೊಳಗೆ ಮುಂದಿನ ತಪಾಸಣೆಯನ್ನು ನಡೆಸುವುದು.

ಎರಡು ಕ್ರಮಗಳಿಗೂ ಆಧಾರ ದಾಖಲೆಯೇ. ಎಂಜಿನನ್ನು ಬಿಚ್ಚಿ ಕೂಡಿಸುವಾಗ ಚಕ್ರವು ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಅದರ ಕ್ರಮಸಂಖ್ಯೆಯೊಡನೆ ಅದುವರೆಗಿನ ಆವೃತ್ತಿಗಳ ಲೆಕ್ಕವೂ ಹೋಗಬೇಕು. ಬರೆಯದೆ ಬಿಟ್ಟ ಆವೃತ್ತಿಗಳನ್ನು ಯಾವ ಸೂಕ್ಷ್ಮದರ್ಶಕವೂ ಎಣಿಸಿಕೊಡಲಾರದು. ಆಯುಸ್ಸು ತೀರಿದ ಚಕ್ರ ಹೊಳೆಯುತ್ತಿದ್ದರೂ, ಅದು ಮತ್ತೆ ಯಾವ ಎಂಜಿನಿಗೂ ಸೇರದಂತೆ ಕತ್ತರಿಸಿ ಹಾಕುವುದುಂಟು.