ಹಾರ ಬಿದ್ದದ್ದು ಒಂದು ದಿನ, ಕಾಲಿಲ್ಲದ್ದು ದಿನಾ!

ಡಿಸೆಂಬರ್ 7 ಬಂತೆಂದರೆ ಅಂಗಡಿ ಗಲ್ಲಾದ ಮುಂದೆ ಒಂದು ಡಬ್ಬಿ ಬಂದು ನಿಲ್ಲುತ್ತದೆ. "ಧ್ವಜ ದಿನಾಚರಣೆ, ಏನಾದ್ರೂ ಹಾಕಿ ಸಾರ್" ಅಂತ ಹುಡುಗರು ಕೇಳುತ್ತಾರೆ. ಚಿಲ್ಲರೆ ಬೀಳುತ್ತದೆ, ಜೇಬಿನ ಮೇಲೊಂದು ಪುಟ್ಟ ಬಾವುಟ ಕೂರುತ್ತದೆ. ಸಂಜೆ ಬಸ್ಸು ಹತ್ತುವ ಹೊತ್ತಿಗೆ ಬಾವುಟವೂ ಉದುರಿರುತ್ತದೆ, ವಿಷಯವೂ ಮರೆತಿರುತ್ತದೆ.

ಅಲ್ಲ ಸ್ವಾಮಿ, ಆ ದುಡ್ಡು ಹೋಗೋದೆಲ್ಲಿಗೆ?

1949ರಿಂದ ನಡೆದುಬಂದ ಪದ್ಧತಿಯಿದು. 1993ರಲ್ಲಿ ಹಲವು ನಿಧಿಗಳನ್ನು ಒಟ್ಟುಗೂಡಿಸಿ ದೇಶಕ್ಕೊಂದು ಧ್ವಜ ದಿನ ನಿಧಿ ಮಾಡಿದರು. ಅದರ ನೆರವು ಪಡೆಯುವ ಜಾಗಗಳಲ್ಲೊಂದು ಪುಣೆ ಪಕ್ಕದ ಖಡ್ಕಿಯಲ್ಲಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ನಡೆಯಲಾಗದ ಸೈನಿಕರ ಪುನರ್ವಸತಿ ಕೇಂದ್ರ ಅದು. 1974ರಲ್ಲಿ ಶುರುವಾಯಿತು. ಅಲ್ಲಿ ಗಾಲಿಕುರ್ಚಿಯಲ್ಲೇ ಬಾಸ್ಕೆಟ್‌ಬಾಲ್ ಆಡುವವರಿದ್ದಾರೆ. ಕೈಯೂ ಆಡದವರು ಬಾಯಲ್ಲಿ ಕುಂಚ ಕಚ್ಚಿ ಚಿತ್ರ ಬರೆಯುತ್ತಾರೆ. ಇಂಥದ್ದೇ ಇನ್ನೊಂದು ಕೇಂದ್ರ ಪಂಜಾಬಿನ ಮೊಹಾಲಿಯಲ್ಲಿದೆ.

ಕೈಗೊಂದು ಕಸುಬೂ ಬೇಕಲ್ಲ? ಅದಕ್ಕೆ ಖಡ್ಕಿಯಲ್ಲೇ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯಿದೆ. ಮೊದಲ ಮಹಾಯುದ್ಧದ ಗಾಯಾಳುಗಳಿಗಾಗಿ 1917ರಲ್ಲಿ ಮುಂಬೈಯಲ್ಲಿ ಹುಟ್ಟಿ ಆಮೇಲೆ ಇಲ್ಲಿಗೆ ಬಂತು. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕಟ್ಟಿಕೊಡಲು 1944ರಲ್ಲಿ ಪುಣೆಯಲ್ಲೇ ಸೇನೆಯ ಕೃತಕ ಅಂಗಾಂಗ ಕೇಂದ್ರ ತೆರೆಯಿತು.

ಕಾಲೂ ಕಸುಬೂ ಸಿಕ್ಕಿದರೆ ಮುಗಿಯಿತೆ? ಇಲ್ಲ. ಮುರಳೀಕಾಂತ್ ಪೇಟ್ಕರ್ ಕಥೆ ಕೇಳಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯವರು, ಸೇನೆಯಲ್ಲಿ ಬಾಕ್ಸರ್. 1965ರ ಯುದ್ಧದಲ್ಲಿ ಮೈಗೆ ಗುಂಡುಗಳು ಹೊಕ್ಕು ಕಾಲಿನ ಸ್ವಾಧೀನವೇ ಹೋಯಿತು. ಮನುಷ್ಯ ನೀರಿಗಿಳಿದರು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿ ಭಾರತಕ್ಕೆ ಮೊಟ್ಟಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಲೆಕ್ಕ ಹಾಕಿ: 46 ವರ್ಷ! ಚಿನ್ನ ತಂದವರ ಗತಿಯೇ ಹೀಗಾದರೆ, ಸದ್ದಿಲ್ಲದೆ ಹಳ್ಳಿಗೆ ವಾಪಸಾದ ಜವಾನನ ಪಾಡೇನು?

ಅವನ ಪರವಾಗಿ ದನಿ ಎತ್ತಲಿಕ್ಕೂ ಜನ ಬೇಕು. 1965ರಲ್ಲೇ ಕಾಲು ಕಳೆದುಕೊಂಡರೂ ಸೇವೆ ಬಿಡದೆ ಸೇನೆಯ ಉಪ ಮುಖ್ಯಸ್ಥರಾಗಿ ನಿವೃತ್ತರಾದ ಲೆಫ್ಟಿನೆಂಟ್ ಜನರಲ್ ವಿಜಯ್ ಓಬೆರಾಯ್, 2002ರಲ್ಲಿ ವಾರ್ ವೂಂಡೆಡ್ ಫೌಂಡೇಶನ್ ಕಟ್ಟಿದ್ದು ಇದಕ್ಕೇ. ಗಾಯಾಳುವಿನ ಅರ್ಧ ಯುದ್ಧ ಕಾಗದದ ಮೇಲೆ ನಡೆಯುತ್ತದೆ. ಗಾಯ ಯುದ್ಧದಲ್ಲಾದದ್ದು ಅಂತ ದಾಖಲೆಯಲ್ಲಿದ್ದರೆ ಪಿಂಚಣಿ ದರವೇ ಬೇರೆ, ಹೆಚ್ಚು. ಆ ಒಂದು ಸಾಲು ತಪ್ಪಿದರೆ ಮನೆ ಮಂದಿಯೆಲ್ಲ ಅನುಭವಿಸಬೇಕು.

ನಮ್ಮ ರಾಜ್ಯದಲ್ಲೂ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಜಿಲ್ಲೆಗಳಲ್ಲಿ ಅದರ ಕಚೇರಿಗಳಿವೆ. ಊರಲ್ಲಿ ಕೋಲೂರಿ ನಡೆಯುವ ಮಾಜಿ ಸೈನಿಕರಿದ್ದರೆ, "ಯಜಮಾನ್ರೇ, ನಿಮ್ಮ ಪಿಂಚಣಿ ಕಾಗದ ಒಮ್ಮೆ ಅಲ್ಲಿ ತೋರಿಸಿದ್ರಾ?" ಅಂತ ಕೇಳಿ. ಕೇಳಲಿಕ್ಕೆ ಕಾಸು ಬೇಕಿಲ್ಲ.

ಮುಂದಿನ ಸಲ ಡಬ್ಬಿ ಬಂದಾಗ "ಮುಂದಕ್ಕೆ ಹೋಗಪ್ಪಾ" ಅನ್ನುವ ಮುಂಚೆ ಒಂದು ಗಳಿಗೆ ಯೋಚಿಸಿ. ಅದು ಭಿಕ್ಷೆಯಲ್ಲ, ಹಳೇ ಸಾಲದ ಕಂತು.